ಬಾಗಿಲ ಮುಂದಿನ ಹಾಡು: ವಿದ್ಯಾರ್ಥಿ ಸಂಗೀತ ನಾಟಕ ಮತ್ತು ಸಾಂಸ್ಕೃತಿಕ ಬಹುತ್ವ (ಸೊರಬ–ಶಿಕಾರಿಪುರ ಪರಿಸರವನ್ನು ಅನುಲಕ್ಷಿಸಿ)

1

ಶಾಲಾ ಕಾಲೇಜುಗಳ ರಂಗಚಟುವಟಿಕೆಯ ಸಂದರ್ಭದಲ್ಲಿ ‘ಸಾಂಸ್ಕೃತಿಕ ವೈವಿಧ್ಯ’ ಎಂಬ ಮಾತು ಇಂದು ಬಹುಬಳಕೆಯದಾಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರ ಮತ್ತು ರಂಗಭೂಮಿಗಳು ಶಿಕ್ಷಣದ ಅಂಚಿನಲ್ಲಿರದೆ ಅದರ ಒಡಲಿಗೆ ಸೇರಬೇಕೆಂದು ಪ್ರತಿಪಾದಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯೊಡನೆ ಬೆಸೆದ ಕಲಿಕೆಗೆ ಒತ್ತು ನೀಡಿತು. ಕರ್ನಾಟಕದಲ್ಲಿ 2000ದ ದಶಕದ ಆರಂಭದಿಂದ ನಡೆದುಬಂದಿರುವ ‘ಪ್ರತಿಭಾ ಕಾರಂಜಿ’ಯು ಹಳ್ಳಿಯ ಶಾಲೆಗಳ ಮಕ್ಕಳಿಗೂ ವೇದಿಕೆಯನ್ನು ಒದಗಿಸಿದೆ. ಜನಪದ ಗೀತೆ, ಜನಪದ ನೃತ್ಯ, ಕವ್ವಾಲಿ, ಕೋಲಾಟ, ಛದ್ಮವೇಷ ಮೊದಲಾದ ಪ್ರಕಾರಗಳು ಅಲ್ಲಿ ಸ್ಪರ್ಧೆಯ ವಿಷಯಗಳಾಗಿವೆ. ಇದು ಅಲ್ಪ ಸಾಧನೆಯಲ್ಲ.

ಆದರೆ ಈ ವ್ಯವಸ್ಥೆಯ ಸ್ವರೂಪವೇ ಒಂದು ಮಿತಿಯನ್ನೂ ತಂದೊಡ್ಡುತ್ತದೆ. ಪ್ರತಿಯೊಂದು ಪ್ರಕಾರವೂ ಇಲ್ಲಿ ಕೆಲವೇ ನಿಮಿಷಗಳ ಬಿಡಿ ಪ್ರದರ್ಶನವಾಗುತ್ತದೆ. ಒಂದರ ಹಿಂದೆ ಒಂದು ಬರುತ್ತದೆ, ಅಂಕ ಪಡೆಯುತ್ತದೆ, ಸರಿಯುತ್ತದೆ. ಇದೇ ಮಾದರಿ ವಾರ್ಷಿಕೋತ್ಸವಗಳ ಸಂಗೀತ ರೂಪಕಗಳಿಗೂ ದಾಟಿದೆ. ಡೊಳ್ಳಿನ ತಂಡ ಬರುತ್ತದೆ, ಅದರ ಹಿಂದೆ ಕನ್ನಡಿ ಹೊಲಿದ ಲಂಬಾಣಿ ಉಡುಪಿನ ಹುಡುಗಿಯರು, ಅವರ ಹಿಂದೆ ಟೋಪಿ ಧರಿಸಿದ ಹುಡುಗರು. ಕೊನೆಗೆ ಎಲ್ಲರೂ ಕೈಹಿಡಿದು ನಿಂತು ಏಕತೆಯ ಹಾಡನ್ನು ಹಾಡುತ್ತಾರೆ. ಅವರು ಪರಸ್ಪರ ಮಾತಾಡುವುದಿಲ್ಲ. ಒಬ್ಬರಿಂದ ಒಬ್ಬರು ಏನನ್ನೂ ಕೇಳುವುದಿಲ್ಲ, ಕೊಡುವುದಿಲ್ಲ. ವೈವಿಧ್ಯವು ಇಲ್ಲಿ ಮೆರವಣಿಗೆಯಾಗಿದೆಯೇ ಹೊರತು ಸಂಬಂಧವಾಗಿಲ್ಲ.

ವಿದ್ಯಾರ್ಥಿ ಸಂಗೀತ ನಾಟಕವು ಸಾಂಸ್ಕೃತಿಕ ಬಹುತ್ವದ ಅರಿವಿಗೆ ನಿಜವಾದ ಸಾಧನವಾಗಬೇಕಾದರೆ ಅದು ಉಡುಪಿನ ಭೇದವನ್ನಲ್ಲ, ಸಮುದಾಯಗಳ ನಡುವಿನ ಕೊಡುಕೊಳೆಯನ್ನು ರಂಗಕ್ಕೆ ತರಬೇಕು. ಯಾರು ಯಾರ ಬಾಗಿಲಿಗೆ ಹೋಗಿ ಹಾಡುತ್ತಾರೆ, ಬಾಗಿಲನ್ನು ಯಾರು ತೆರೆಯುತ್ತಾರೆ, ಹಾಡಿದವರಿಗೆ ಸಲ್ಲಬೇಕಾದುದು ಸಲ್ಲುತ್ತದೆಯೇ ಎಂಬವು ಈ ಪ್ರಕಾರದ ಮೂಲ ಪ್ರಶ್ನೆಗಳು. ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಶಾಸನ, ಕಾವ್ಯ ಮತ್ತು ಮೌಖಿಕ ಪರಂಪರೆಗಳು ಈ ಪ್ರಶ್ನೆಗಳಿಗೆ ಅಪೂರ್ವವಾದ ಸಾಮಗ್ರಿಯನ್ನು ಒದಗಿಸುತ್ತವೆ.

2

ಕನ್ನಡಕ್ಕೆ ಸಂಗೀತ ನಾಟಕವೆಂಬುದು ಹೊಸದಾಗಿ ಬಂದ ಪ್ರಕಾರವಲ್ಲ. ಯಕ್ಷಗಾನ, ಮೂಡಲಪಾಯ, ದೊಡ್ಡಾಟ, ಸಣ್ಣಾಟಗಳೆಲ್ಲ ಹಾಡಿನ ಮೇಲೆಯೇ ನಿಂತ ನಾಟಕಗಳು. ವೃತ್ತಿ ಕಂಪನಿಗಳು ಪಾರ್ಸಿ ರಂಗಭೂಮಿಯ ಬೆಡಗನ್ನೂ ಮರಾಠಿ ನಾಟ್ಯಸಂಗೀತವನ್ನೂ ಕರ್ನಾಟಕ, ಹಿಂದೂಸ್ತಾನಿ ರಾಗಗಳನ್ನೂ ಒಂದೇ ರಂಗದಲ್ಲಿ ಬೆರೆಸಿದವು. ಸೊರಬದ ನೆರೆಯ ಶಿರಸಿಯಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಇಂತಹ ಕಂಪನಿಗಳ ಬೀಡಾಗಿತ್ತು. ಇಲ್ಲಿನ ಪ್ರೇಕ್ಷಕರ ಕಿವಿ ಬಹುಬಗೆಯ ಸಂಗೀತಕ್ಕೆ ಒಗ್ಗಿದುದು ಪಠ್ಯಪುಸ್ತಕದಿಂದಲ್ಲ, ಇಂತಹ ಜಾತ್ರೆಗಳಿಂದ.

ಈ ಮಿಶ್ರ ಪರಂಪರೆಯನ್ನು ಆಧುನಿಕ ರಂಗಭೂಮಿಗೂ ಮಕ್ಕಳ ರಂಗಭೂಮಿಗೂ ದಾಟಿಸಿದವರಲ್ಲಿ ಬಿ. ವಿ. ಕಾರಂತರು (1929–2002) ಪ್ರಮುಖರು. ಬಾಲ್ಯದಲ್ಲಿ ಗುಬ್ಬಿ ಕಂಪನಿಯನ್ನು ಸೇರಿ, ಮುಂದೆ ಬನಾರಸಿನಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತ ಕಾರಂತರು ದೆಹಲಿಯಲ್ಲಿ ಶಾಲಾ ಅಧ್ಯಾಪಕರಾಗಿಯೂ ಮಕ್ಕಳೊಡನೆ ನಾಟಕ ಮಾಡಿದವರು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ (1972) ಮೊದಲಾದ ನಾಟಕಗಳಿಗೆ ಅವರು ನೀಡಿದ ಸಂಗೀತದ ಹೆಚ್ಚುಗಾರಿಕೆ ರಾಗಸಂಪತ್ತಿಗಿಂತಲೂ ಅದರ ರಂಗಕ್ರಿಯೆಯಲ್ಲಿದೆ. ಹಾಡು ಅಲ್ಲಿ ದೃಶ್ಯಕ್ಕೆ ತೊಡಿಸಿದ ಆಭರಣವಲ್ಲ. ದೃಶ್ಯವನ್ನು ಮುನ್ನಡೆಸುವ ಕ್ರಿಯೆ. ಮೇಳವು ಪಾತ್ರಗಳನ್ನು ಪ್ರಶ್ನಿಸುತ್ತದೆ, ಗೇಲಿ ಮಾಡುತ್ತದೆ, ಅಗತ್ಯವಾದಾಗ ತಾನೇ ಊರಾಗುತ್ತದೆ. ಹಾಡನ್ನು ತೆಗೆದರೆ ನಾಟಕವೇ ನಿಲ್ಲುತ್ತದೆ. ವಿದ್ಯಾರ್ಥಿ ಸಂಗೀತ ನಾಟಕವನ್ನು ಅಳೆಯಲು ಇದೊಂದು ಸರಳವಾದ ಮಾನದಂಡ. ಒಂದು ಸಮುದಾಯದ ಹಾಡನ್ನು ಕೈಬಿಟ್ಟರೂ ಕಥೆ ಕುಂದಿಲ್ಲದೆ ಸಾಗುವುದಾದರೆ, ಆ ಸಮುದಾಯ ನಾಟಕದಲ್ಲಿ ಅತಿಥಿಯಾಗಿಯೂ ಇಲ್ಲ, ಅಲಂಕಾರವಾಗಿ ಮಾತ್ರ ಇದೆ.

ಕಾರಂತರು ರವೀಂದ್ರನಾಥ ಠಾಕೂರರ ಗಿಣಿಯ ಕಥೆಯನ್ನು ಆಧರಿಸಿ ಮಕ್ಕಳಿಗಾಗಿ ರೂಪಿಸಿದ ‘ಪಂಜರಶಾಲೆ’ಯನ್ನು ಇಲ್ಲಿ ನೆನೆಯಬಹುದು. ಕಾಡಿನ ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನು ಅಪ್ಪಣೆ ಮಾಡುತ್ತಾನೆ. ಪಂಜರ ಭವ್ಯವಾಗುತ್ತದೆ, ಪಂಡಿತರು ಹೆಚ್ಚುತ್ತಾರೆ, ಪುಸ್ತಕಗಳ ರಾಶಿ ಬೆಳೆಯುತ್ತದೆ. ಹಕ್ಕಿಯ ಹಾಡು ಮಾತ್ರ ಉಡುಗುತ್ತದೆ. ಶಿಕ್ಷಣವನ್ನು ಕುರಿತ ಈ ವಿಡಂಬನೆ ಜನಪದ ಗೀತೆಯನ್ನು ಶಾಲೆಗೆ ತರುವ ಕ್ರಮಕ್ಕೂ ಅನ್ವಯಿಸುತ್ತದೆ. ತಾಂಡಾದಲ್ಲಿ, ಕೇರಿಯಲ್ಲಿ ಸಹಜವಾಗಿ ಕೇಳುತ್ತಿದ್ದ ಹಾಡನ್ನು ಶಾಲೆಯ ಹಾರ್ಮೋನಿಯಂನ ಶ್ರುತಿಗೆ, ಸ್ಪರ್ಧೆಯ ಕಾಲಮಿತಿಗೆ, ಧ್ವನಿವರ್ಧಕದಲ್ಲಿ ಬರುವ ಮುದ್ರಿತ ಗೀತೆಯ ವೇಗಕ್ಕೆ ಒಗ್ಗಿಸಿದಾಗ ಉಳಿಯುವುದು ಪಂಜರ. ಮುದ್ರಿತ ಧ್ವನಿಗೆ ಕುಣಿಯುವ ವಿದ್ಯಾರ್ಥಿ ಹಾಡನ್ನು ಕಲಿಯುವುದೇ ಇಲ್ಲ. ಅವನ ಕಾಲುಗಳು ಕಲಿಯುತ್ತವೆ, ಕಿವಿ ಕಲಿಯುವುದಿಲ್ಲ.

3

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕನ್ನಡ ಮಕ್ಕಳ ರಂಗಭೂಮಿಯಲ್ಲಿ ಮತ್ತೆ ಮತ್ತೆ ಪ್ರಯೋಗಗೊಂಡ ಕೃತಿ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನವನ್ನು ಕುವೆಂಪು ತುಂಗಾತೀರಕ್ಕೆ ತಂದರು. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ಬೊಮ್ಮನಹಳ್ಳಿಯಾಯಿತು. ಕೊಳಲೂದುವವನು ಕಿಂದರಿ ನುಡಿಸುವ ಜೋಗಿಯಾದನು. ಈ ರೂಪಾಂತರದ ಮಹತ್ವವನ್ನು ಸಾಮಾನ್ಯವಾಗಿ ಭಾಷೆಯ ಲವಲವಿಕೆಯಲ್ಲಿ ಗುರುತಿಸಲಾಗುತ್ತದೆ. ಆದರೆ ಪ್ರಸ್ತುತ ಚರ್ಚೆಗೆ ಮುಖ್ಯವಾದುದು ‘ಜೋಗಿ’ ಎಂಬ ಆಯ್ಕೆ. ಕಿನ್ನರಿ ಜೋಗಿಗಳು ಕರ್ನಾಟಕದಲ್ಲಿ ಊರೂರು ಅಲೆದು, ಕಿನ್ನರಿ ನುಡಿಸಿ, ಕಥೆ ಹಾಡಿ ಬದುಕಿದ ಸಮುದಾಯ. ಬ್ರೌನಿಂಗನ ವಿಚಿತ್ರ ಉಡುಪಿನ ಅಪರಿಚಿತನು ಇಲ್ಲಿ ಕನ್ನಡದ ಮಗುವಿಗೆ ಗುರುತಿರುವ, ಮನೆಯಂಗಳಕ್ಕೆ ಬಂದು ಹೋಗುವ ಅಲೆಮಾರಿ ಹಾಡುಗಾರನಾಗುತ್ತಾನೆ.

ಹೀಗೆ ನೋಡಿದಾಗ ಕಥೆಯ ತಿರುಳು ಇಲಿಗಳಲ್ಲಿಲ್ಲ. ಅಲೆಮಾರಿ ಸಂಗೀತಗಾರನ ವಿದ್ಯೆಯನ್ನು ಊರು ಬಳಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಒಪ್ಪಿದ ಹಣವನ್ನು ಕೊಡಲು ಒಲ್ಲೆನೆನ್ನುತ್ತದೆ. ನೆಲೆನಿಂತವರಿಗೂ ಅಲೆಯುವವರಿಗೂ ಇರುವ ಒಪ್ಪಂದ ಮುರಿದಾಗ ಊರು ತನ್ನ ಮಕ್ಕಳನ್ನೇ ಕಳೆದುಕೊಳ್ಳುತ್ತದೆ. ಬಹುತ್ವವನ್ನು ಕುರಿತು ಮಕ್ಕಳಿಗಾಗಿ ಇದಕ್ಕಿಂತ ನಿಷ್ಠುರವಾದ ಕಥೆಯನ್ನು ಹುಡುಕುವುದು ಕಷ್ಟ. ಆದರೂ ಪ್ರಯೋಗದಲ್ಲಿ ಇಲಿಗಳ ಕುಣಿತ ಬೆಳೆದು, ಗೌಡನಿಗೂ ಜೋಗಿಗೂ ನಡೆಯುವ ವಾಗ್ವಾದ ಕಿರಿದಾಗುವ ಅಪಾಯ ಸದಾ ಇದ್ದೇ ಇರುತ್ತದೆ. ಇಲಿಗಳ ದೃಶ್ಯ ಹೆಚ್ಚು ಮಕ್ಕಳಿಗೆ ಪಾತ್ರ ನೀಡುತ್ತದೆ, ನಗೆಯನ್ನೂ ತರುತ್ತದೆ. ಆದರೆ ಸಂಭಾವನೆ ನಿರಾಕರಣೆಯ ಗಳಿಗೆಯಲ್ಲಿ ಮೇಳ ಯಾರ ಪರವಾಗಿ ಹಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ತೀರ್ಮಾನಿಸಬೇಕಾಗಿ ಬಂದಾಗ ಮಾತ್ರ ಈ ನಾಟಕ ಅವರಿಗೆ ಸಂಸ್ಕೃತಿಯ ಪಾಠವಾಗುತ್ತದೆ.

4

ಅಲೆಮಾರಿ ಕಲಾವಿದನನ್ನು ಊರು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆಗೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಒಂದು ಪ್ರಾಚೀನ ಉತ್ತರವಿದೆ. ಕೆರೆಯ ಕೋಡಿಯ ಬಳಿಯಿದ್ದುದರಿಂದ ಕೋಡಿಯ ಮಠವೆಂದು ಹೆಸರಾದ ಕಾಳಾಮುಖ ಶೈವ ಸಂಸ್ಥೆಯನ್ನು ಕುರಿತ 1162ರ ಶಾಸನ ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ನಾಲ್ಕು ವೇದಗಳು, ಹಲವು ವ್ಯಾಕರಣ ಪಂಥಗಳು, ಬೌದ್ಧವೂ ಸೇರಿದಂತೆ ದರ್ಶನಗಳು, ಪುರಾಣಗಳು ಅಲ್ಲಿ ಅಧ್ಯಯನದ ವಿಷಯಗಳಾಗಿದ್ದವು. ಅವುಗಳ ಜೊತೆಗೆ ಕಾವ್ಯ ಮತ್ತು ನಾಟಕವೂ ಇದ್ದವು. ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ಮಠದಲ್ಲಿ ಯಾರು ಯಾರಿಗೆ ಅನ್ನ ದೊರೆಯುತ್ತಿತ್ತೆಂಬುದನ್ನೂ ಅದು ಎಣಿಸುತ್ತದೆ: ದೀನರು, ಕುರುಡರು, ಕಿವುಡರು; ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು; ಜೊತೆಗೆ ಜೈನ ಕ್ಷಪಣಕರೂ ಬೇರೆ ಬೇರೆ ಪಂಥಗಳ ಸನ್ಯಾಸಿಗಳೂ. ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ದೊರೆಯುತ್ತಿತ್ತು.

ಇದನ್ನು ಸರ್ವಸಮಾನತೆಯ ಚಿತ್ರವೆಂದು ಭಾವಿಸುವುದು ಅವಸರದ ತೀರ್ಮಾನವಾದೀತು. ಶಾಸನವೆಂಬುದು ದಾನವನ್ನೂ ದಾನಿಯನ್ನೂ ಹೊಗಳುವ ಬರವಣಿಗೆ. ಅದರ ಪಟ್ಟಿಗಳಿಗೆ ಆದರ್ಶದ ಲೇಪವಿರುತ್ತದೆ. ಆದರೂ ನಾಟಕವನ್ನು ಓದುವ ವಿದ್ಯಾರ್ಥಿಯೂ ನಾಟಕವನ್ನು ಆಡುವ ಅಲೆಮಾರಿಯೂ ಒಂದೇ ಸೂರಿನಡಿ ಉಣ್ಣಬೇಕೆಂಬ ಕಲ್ಪನೆಯಾದರೂ 1162ರಲ್ಲಿ ಈ ಊರಿನಲ್ಲಿತ್ತು ಎಂಬುದು ಗಮನಾರ್ಹ. ಅದೇ ಬಳ್ಳಿಗಾವೆಯಲ್ಲಿ ಶೈವ ಮಠಗಳೊಡನೆ ಜೈನ ಬಸದಿಗಳೂ 11ನೆಯ ಶತಮಾನದ ಬೌದ್ಧ ವಿಹಾರವೂ ಇದ್ದುದನ್ನು ಶಾಸನಗಳು ತಿಳಿಸುತ್ತವೆ. ಸೊರಬದ ಕುಬಟೂರಿನಲ್ಲಿಯೂ ಕೈಟಭೇಶ್ವರ ದೇವಾಲಯ ಮತ್ತು ಜೈನ ಬಸದಿಗಳು ಒಂದೇ ಊರಿನ ಭಾಗಗಳು.

ಈ ಸೀಮೆಯ ವಚನಕಾರರ ಕಥೆಗಳಲ್ಲಿಯೂ ಸಂಗೀತವಿದೆ, ಬಾಗಿಲೂ ಇದೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮನು ಬಳ್ಳಿಗಾವೆಯ ಮದ್ದಳೆಗಾರ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅವನ ಮದ್ದಳೆ ಕೇಳಿಬರುವುದು ಬನವಾಸಿಯಲ್ಲಿ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣವನ್ನು ತಲುಪಿದಾಗ, ‘ಶೂನ್ಯಸಂಪಾದನೆ’ಯ ಪ್ರಕಾರ, ಅವಳನ್ನು ಮೊದಲು ಪರೀಕ್ಷಿಸುವವನು ಕಿನ್ನರಿ ಬೊಮ್ಮಯ್ಯ, ಬಳಿಕ ಅನುಭವ ಮಂಟಪದಲ್ಲಿ ಪ್ರಶ್ನಿಸುವವನು ಅಲ್ಲಮ. ಒಂದೇ ಸೀಮೆಯ ಇಬ್ಬರು ದೂರದ ಕಲ್ಯಾಣದಲ್ಲಿ ಎದುರುಬದುರಾಗುತ್ತಾರೆ. ಅವಳ ಪ್ರವೇಶ ಹೂಮಾಲೆಯ ಸ್ವಾಗತದಿಂದಲ್ಲ, ಕಠಿಣವಾದ ಪ್ರಶ್ನೋತ್ತರದಿಂದ ನಡೆಯುತ್ತದೆ. ಭಿನ್ನವಾದುದನ್ನು ಒಪ್ಪಿಕೊಳ್ಳುವುದೆಂದರೆ ಅದನ್ನು ಪ್ರಶ್ನಿಸದಿರುವುದಲ್ಲ, ಅದರ ಉತ್ತರವನ್ನು ಕೇಳಿಸಿಕೊಳ್ಳುವುದು ಎಂಬ ಅರ್ಥ ಇಲ್ಲಿದೆ. ವಚನಗಾಯನವನ್ನು ಭಕ್ತಿಗೀತೆಯ ಮಟ್ಟಿಗೆ ಇಳಿಸದೆ, ಈ ಸಂವಾದವನ್ನೇ ಎರಡು ದನಿಗಳ ಸಂಗೀತವಾಗಿ ಕಟ್ಟುವ ಅವಕಾಶ ವಿದ್ಯಾರ್ಥಿ ರಂಗಭೂಮಿಗಿದೆ.

5

ಶಾಸನ ಕಾವ್ಯಗಳಿಂದ ಇಂದಿನ ಮೌಖಿಕ ಪರಂಪರೆಗೆ ಬಂದರೆ, ದೀಪಾವಳಿಯ ಎರಡು ಆಚರಣೆಗಳು ವಿಶೇಷ ಪರಿಶೀಲನೆಗೆ ಅರ್ಹವಾಗಿವೆ. ಮೊದಲನೆಯದು ಮಲೆನಾಡಿನ ಅಂಟಿಗೆ–ಪಂಟಿಗೆ. ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗಗಳಲ್ಲಿ ಗಂಡಸರ ತಂಡವೊಂದು ಹೊತ್ತಿಸಿದ ಜ್ಯೋತಿಯೊಡನೆ ರಾತ್ರಿಯಿಡೀ ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತದೆ. ದೀಪ ಆರದಂತೆ ಕಾಯಬೇಕು. ಬಾಗಿಲಲ್ಲಿ ನಿಂತು ಹಾಡುತ್ತಾರೆ. ಮುಂದಾಳುಗಳು ಹೇಳಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಮನೆಯವರು ಬಾಗಿಲು ತೆರೆದು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅದರಿಂದ ತಮ್ಮ ದೀಪವನ್ನು ಹೊತ್ತಿಸಿಕೊಳ್ಳುತ್ತಾರೆ, ಅಕ್ಕಿ ಕಾಯಿ ಕಾಣಿಕೆಗಳನ್ನು ನೀಡುತ್ತಾರೆ.

ಎರಡನೆಯದು ಲಂಬಾಣಿ ತಾಂಡಾಗಳ ‘ಮೇರಾ’. ಶಿಕಾರಿಪುರ ಸೀಮೆಯಲ್ಲಿ ಲಂಬಾಣಿ ಸಮುದಾಯ ಗಣನೀಯವಾಗಿದೆ. ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪವೂ ನೆರೆಯಲ್ಲಿಯೇ ಇದೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ತಾಂಡಾದ ಅವಿವಾಹಿತ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ, ಗೋರ್‌ಬೋಲಿ ನುಡಿಯಲ್ಲಿ ಹಾಡಿ, ಹಿರಿಯರಿಗೆ ಶುಭ ಕೋರುತ್ತಾರೆ. ಹಿರಿಯರು ಹರಸಿ ಕಾಣಿಕೆ ಕೊಡುತ್ತಾರೆ.

ಒಂದೇ ಹಬ್ಬದ ದಿನಗಳು. ಎರಡೂ ಕಡೆ ನಡೆಯುವ ದೀಪ, ಬಾಗಿಲ ಮುಂದಿನ ಹಾಡು, ಹರಕೆ, ಕಾಣಿಕೆ. ಆದರೆ ಒಂದು ಗಂಡಸರ ಹಾಡು, ಇನ್ನೊಂದು ಹುಡುಗಿಯರದು. ಒಂದರ ನುಡಿ ಮಲೆನಾಡಿನ ಕನ್ನಡ, ಇನ್ನೊಂದರದು ಗೋರ್‌ಬೋಲಿ. ಒಂದು ಊರಿನ ಗಡಿಯನ್ನು ದಾಟಿ ನಡೆಯುತ್ತದೆ. ಇನ್ನೊಂದು ತಾಂಡಾದ ಮನೆಗಳನ್ನೇ ಸುತ್ತುತ್ತದೆ. ಸಾಮ್ಯ ಮತ್ತು ಭೇದಗಳು ಇಷ್ಟು ಸ್ಪಷ್ಟವಾಗಿ ಹೆಣೆದುಕೊಂಡಿರುವ ಸಾಮಗ್ರಿ ಅಪರೂಪ. ಇವೆರಡನ್ನೂ ಎರಡು ಪ್ರತ್ಯೇಕ ನೃತ್ಯಗಳಾಗಿ ತೋರಿಸಿದರೆ ದೊರೆಯುವುದು ಮಾಹಿತಿ ಮಾತ್ರ. ಒಂದೇ ರಾತ್ರಿಯ ಕಥೆಯಾಗಿ ಕಟ್ಟಿದರೆ ನಾಟಕ ಹುಟ್ಟುತ್ತದೆ. ಅಂಟಿಗೆ–ಪಂಟಿಗೆಯ ತಂಡ ತಾಂಡಾದ ಬಾಗಿಲಿಗೆ ಬಂದರೆ ಏನಾಗುತ್ತದೆ? ಹುಡುಗಿಯರ ದೀಪ ಊರೊಳಗೆ ಬಂದರೆ ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚಿರುತ್ತದೆ? ಗಂಡಸರ ದೀಪಕ್ಕೆ ಇರುವ ದೂರದ ದಾರಿ ಹೆಣ್ಣುಮಕ್ಕಳ ದೀಪಕ್ಕೆ ಏಕಿಲ್ಲ? ಈ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ತಮ್ಮ ಊರಿನ ಅನುಭವದಿಂದಲೇ ಉತ್ತರ ಹುಡುಕಬೇಕಾಗುತ್ತದೆ. ಉತ್ತರ ಹಿತವಾಗಿಯೇ ಇರಬೇಕೆಂಬ ನಿಯಮವಿಲ್ಲ.

ಸಂಗೀತದ ದೃಷ್ಟಿಯಿಂದಲೂ ಈ ಎರಡರ ಸಂಧಿ ಅರ್ಥಪೂರ್ಣ. ಸೊಲ್ಲು ಎತ್ತಿಕೊಡುವ ಕ್ರಮದಲ್ಲಿ ಹಾಡಿನ ಪೂರ್ತಿಗೆ ಇನ್ನೊಂದು ಗುಂಪು ಬೇಕೇ ಬೇಕು. ಒಬ್ಬರ ಸೊಲ್ಲನ್ನು ಮತ್ತೊಬ್ಬರು ತಪ್ಪಿಲ್ಲದೆ ಎತ್ತಿಕೊಳ್ಳಬೇಕಾದರೆ ಮೊದಲು ಕೇಳಬೇಕು. ಕನ್ನಡದ ಹುಡುಗ ಗೋರ್‌ಬೋಲಿಯ ಪದವನ್ನು ಸರಿಯಾಗಿ ಉಚ್ಚರಿಸಲು ತನ್ನ ತರಗತಿಯ ಲಂಬಾಣಿ ಹುಡುಗಿಯನ್ನೇ ಗುರುವಾಗಿ ಒಪ್ಪಿಕೊಳ್ಳಬೇಕಾಗುತ್ತದೆ. ಮನೆಯ ನುಡಿಯನ್ನು ಶಾಲೆಯ ಹೊರಗೇ ಬಿಟ್ಟು ಬರುವ ಮಗುವಿಗೆ ಆ ಗಳಿಗೆಯಲ್ಲಿ ತನ್ನ ನುಡಿ ವಿದ್ಯೆಯಾಗಿ ಕಾಣುತ್ತದೆ. ಈ ಪ್ರಕಾರದ ನಿಜವಾದ ಫಲ ಪ್ರದರ್ಶನದ ಸಂಜೆಯಲ್ಲಲ್ಲ, ಇಂತಹ ತಾಲೀಮಿನಲ್ಲಿದೆ.

6

ಈ ಮಾರ್ಗದಲ್ಲಿ ತೊಡಕುಗಳಿಲ್ಲವೆಂದಲ್ಲ. ಮೊದಲನೆಯದು, ಯಾರ ಹಾಡನ್ನು ಯಾರು ಹಾಡಬೇಕು ಎಂಬ ಪ್ರಶ್ನೆ. ಲಂಬಾಣಿ ಹುಡುಗಿಗೆ ಸದಾ ಲಂಬಾಣಿ ಕುಣಿತವನ್ನೇ, ಕುರುಬರ ಹುಡುಗನಿಗೆ ಸದಾ ಡೊಳ್ಳನ್ನೇ ವಹಿಸಿದರೆ ಕಲೆ ಜಾತಿಯ ಗುರುತುಚೀಟಿಯಾಗುತ್ತದೆ. ಹಾಗೆಂದು ಮೂಲದವರನ್ನು ಬಿಟ್ಟು ಉಡುಪು ತೊಟ್ಟ ಬೇರೆಯವರಿಂದಲೇ ಮಾಡಿಸಿದರೆ ಅದು ಅಣಕವಾಗುತ್ತದೆ. ಎರಡು ಅತಿಗಳ ನಡುವಿನ ದಾರಿ ಕಲಿಕೆಯದು. ಹಾಡು ಯಾರಿಂದ ಬಂತೋ ಅವರ ಬಳಿಗೆ ಹೋಗಿ ಕಲಿಯಬೇಕು, ಅವರ ಹೆಸರನ್ನು ರಂಗದ ಮೇಲೆ ಹೇಳಬೇಕು, ಕಲಿಸಿದ್ದಕ್ಕೆ ಸಂಭಾವನೆ ಸಲ್ಲಿಸಬೇಕು. ಕಿಂದರಿಜೋಗಿಯನ್ನು ಆಡುವ ಶಾಲೆಯೇ ಹಾಡು ಕಲಿಸಿದ ಊರ ಹಿರಿಯನನ್ನು ಬರಿಗೈಯಲ್ಲಿ ಕಳುಹಿಸಿದರೆ ಬೊಮ್ಮನಹಳ್ಳಿಯ ಗೌಡನಿಗೂ ಅದಕ್ಕೂ ಅಂತರವಿರದು.

ಎರಡನೆಯದು, ಆಚರಣೆಯ ಹಾಡು ಅದರ ಕಾಲ ಸ್ಥಳಗಳನ್ನು ಬಿಟ್ಟು ರಂಗಕ್ಕೆ ಬರಬಹುದೇ ಎಂಬುದು. ಡೊಳ್ಳು ಬೀರೇಶ್ವರನ ಸೇವೆಯ ವಾದ್ಯ. ಅಂಟಿಗೆ–ಪಂಟಿಗೆ ಬಲೀಂದ್ರನ ನೆನಪಿನ ಹಾಡು. ಇವು ರಂಗಕ್ಕೆ ಬಂದಾಗ ಬದಲಾಗುವುದು ಅನಿವಾರ್ಯ. ಆ ಬದಲಾವಣೆಯನ್ನು ಮರೆಮಾಚದೆ ನಾಟಕವೇ ಒಪ್ಪಿಕೊಳ್ಳುವುದು ಪ್ರಾಮಾಣಿಕತೆಯ ಲಕ್ಷಣ. ಇದು ಹಬ್ಬವಲ್ಲ, ಹಬ್ಬವನ್ನು ಕುರಿತ ಆಟ ಎಂದು ಸೂತ್ರಧಾರ ಹೇಳುವ ಸೌಲಭ್ಯ ನಮ್ಮ ರಂಗಪರಂಪರೆಯಲ್ಲಿ ಮೊದಲಿನಿಂದಲೂ ಇದೆ.

ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ಪರಂಪರೆಯಲ್ಲಿರುವುದೆಲ್ಲವೂ ಮೆಚ್ಚತಕ್ಕದ್ದಲ್ಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬಾ ಕ್ಷೇತ್ರದಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ದಲಿತ ಹಾಗೂ ಪ್ರಗತಿಪರ ಸಂಘಟನೆಗಳು ವಿರೋಧಿಸಿದವು. 1986ರ ಸಂಘರ್ಷದ ತರುವಾಯ ಸರ್ಕಾರ ಅದನ್ನು ನಿಷೇಧಿಸಿತು. ಅದೇ ಸೀಮೆಯ ಅಕ್ಕಮಹಾದೇವಿ ತಾನೇ ಆರಿಸಿಕೊಂಡ ದಿಗಂಬರತೆಗೂ ಬಡ ಹೆಣ್ಣುಮಕ್ಕಳ ಮೇಲೆ ಹೇರಲಾದ ಬೆತ್ತಲೆಗೂ ಇರುವ ವ್ಯತ್ಯಾಸವನ್ನು ಕಾಲೇಜಿನ ವಿದ್ಯಾರ್ಥಿಗಳಾದರೂ ಚರ್ಚಿಸಲೇಬೇಕು. ಬಹುತ್ವದ ಹೆಸರಿನಲ್ಲಿ ಎಲ್ಲವನ್ನೂ ಸಮಾನವಾಗಿ ಕೊಂಡಾಡುವ ನಾಟಕ ಈ ವಿವೇಕವನ್ನು ಕಲಿಸಲಾರದು. ಒಂದು ಸಮುದಾಯದ ಒಳಗೂ ಒಪ್ಪದ ದನಿಗಳಿರುತ್ತವೆ. ಅವುಗಳಿಗೂ ಒಂದು ಹಾಡು ಬೇಕು.

7

ಸೊರಬ–ಶಿಕಾರಿಪುರಗಳ ನೆರೆಯ ಹೆಗ್ಗೋಡಿನಲ್ಲಿ 1949ರಿಂದ ಬೆಳೆದುಬಂದ ನೀನಾಸಮ್ ಸಂಸ್ಥೆಯು ಹಳ್ಳಿಯೂ ಜಗತ್ತಿನ ನಾಟಕವನ್ನು ಆಡಬಲ್ಲದೆಂಬುದನ್ನು ತೋರಿಸಿತು. 1985ರಲ್ಲಿ ಆರಂಭವಾದ ಅದರ ‘ತಿರುಗಾಟ’ ಆ ನಾಟಕವನ್ನು ಊರೂರಿಗೆ ಒಯ್ದಿತು. ವಿದ್ಯಾರ್ಥಿ ರಂಗಭೂಮಿಯ ಮುಂದಿರುವ ಕೆಲಸ ಇದಕ್ಕೆ ಪೂರಕವಾದುದು: ಹಳ್ಳಿಯೊಳಗೇ ಇರುವ ಹಲವು ಜಗತ್ತುಗಳನ್ನು ಒಂದನ್ನೊಂದು ಕೇಳಿಸಿಕೊಳ್ಳುವಂತೆ ಮಾಡುವುದು. ಅದಕ್ಕೆ ದೊಡ್ಡ ರಂಗಸಜ್ಜಿಕೆ ಬೇಡ. ಹಾಡಬಲ್ಲ ಎರಡು ಗುಂಪುಗಳು, ಒಂದು ಬಾಗಿಲು, ಆರದಂತೆ ಕಾಯಬೇಕಾದ ಒಂದು ದೀಪ ಸಾಕು.

ಸಾಂಸ್ಕೃತಿಕ ಬಹುತ್ವವೆಂಬುದು ಈ ಸೀಮೆಗೆ ಹೊರಗಿನಿಂದ ಬಂದ ವಿಚಾರವಲ್ಲ. ಬಳ್ಳಿಗಾವೆಯ ಶಾಸನ ಹಾಡುವವರನ್ನು ಉಣ್ಣುವವರ ಸಾಲಿನಲ್ಲಿ ಎಣಿಸಿದೆ. ‘ಶೂನ್ಯಸಂಪಾದನೆ’ ಬಂದವಳನ್ನು ಪ್ರಶ್ನಿಸಿ ಒಳಗೊಂಡಿದೆ. ದೀಪಾವಳಿಯ ಹಾಡುಗಳು ಇಂದಿಗೂ ಬಾಗಿಲು ತಟ್ಟುತ್ತಿವೆ. ತಟ್ಟಿದ ಬಾಗಿಲನ್ನು ತೆರೆಯುವ, ದೀಪಕ್ಕೆ ಎಣ್ಣೆ ಎರೆಯುವ ಕ್ರಿಯೆಯನ್ನು ವಿದ್ಯಾರ್ಥಿಗಳು ತಾಲೀಮಿನಲ್ಲಿ ಮಾಡಿ ಕಲಿತರೆ, ಸಂಗೀತ ನಾಟಕವು ಶಾಲೆಯಲ್ಲಿ ತನ್ನ ಸ್ಥಾನವನ್ನು ಸಮರ್ಥಿಸಿಕೊಂಡಂತಾಗುತ್ತದೆ.